ಚೆನ್ನಾಗಿ ಬಂದ ಗೂಡನ್ನೇ ಬಿತ್ತನೆಗೆ ಇಟ್ಟರೆ ಆಗಲ್ವಾ?

ನನ್ನಂಥ ಅರೆಕಾಲಿಕ ವರದಿಗಾರರಿಗೆ ಡಿಎನ್‌ಎ ಅನ್ನುವ ಪದ ಹೆಚ್ಚಾಗಿ ಸಿಗುವುದು ಪೊಲೀಸ್ ಪ್ರಕಟಣೆಯಲ್ಲಿ. ‘ಡಿಎನ್‌ಎ ವರದಿ ಬಂದ ಬಳಿಕ ಗುರುತು ಖಚಿತವಾಗಲಿದೆ’ ಎಂದು ಒಂದು ಸಾಲು ಬರೆದು ಸುದ್ದಿ ಮುಗಿಸುತ್ತೇವೆ. ಚುನಾವಣೆ ಬಂದರೆ ಭಾಷಣದಲ್ಲೂ ಸಿಗುತ್ತದೆ, ಯಾರದೋ ಡಿಎನ್‌ಎಯಲ್ಲಿ ಏನೋ ಇದೆಯಂತೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆ ಸಾವಿರಾರು ಮನೆಗಳು ದಿನವೂ ವಂಶವಾಹಿಯ ಲೆಕ್ಕದ ಮೇಲೇ ಬದುಕುತ್ತಿವೆ. ಹುಳು ಮನೆಯಲ್ಲಿ ಅದಕ್ಕೆ ಡಿಎನ್‌ಎ ಅನ್ನುವ ಹೆಸರಿಲ್ಲ. ಅಲ್ಲಿ ಅದರ ಹೆಸರು ತಳಿ.

ಕನಕಪುರ ಕಡೆಯ ಒಬ್ಬ ರೈತರು ಒಮ್ಮೆ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಿ ಕೇಳಿದರು: ‘ಏನಪ್ಪಾ ರಿಪೋರ್ಟ್ರೇ, ನೀವು ಓದ್ಕೊಂಡಿರೋರು. ಹೋದ ಬೆಳೆ ನಂಗೆ ಭರ್ಜರಿಯಾಗಿ ಬಂತು. ಅದೇ ಗೂಡಲ್ಲಿ ಒಂದಷ್ಟು ಎತ್ತಿಟ್ಕೊಂಡು, ಚಿಟ್ಟೆ ಬಿಡಿಸಿ ಮೊಟ್ಟೆ ಇಡಿಸಿದ್ರೆ ಆಗಲ್ವಾ? ರಾಗಿ ಬಿತ್ತನೆಗೆ ಇಟ್ಕೊಳ್ಳಲ್ವಾ, ಹಂಗೆ. ಪ್ರತಿ ಸಲ ಚಾಕಿಗೆ ಯಾಕೆ ದುಡ್ಡು ಸುರೀಬೇಕು?’

‘ಮಿಶ್ರತಳಿ ಅಲ್ವಾ ಗೌಡ್ರೇ, ಮುಂದಿನ ತಲೆಗೆ ಕೆಡುತ್ತೆ’ ಅಂದೆ.

‘ಅದು ಎಲ್ರೂ ಹೇಳ್ತಾರೆ. ಯಾಕೆ ಕೆಡ್ತದೆ ಅಂತ ಯಾರೂ ಹೇಳಲ್ಲ.’

ಅವರದು ಖಾಲಿ ಕುತೂಹಲವಾಗಿರಲಿಲ್ಲ. ಅವರ ಊರಲ್ಲೇ ಒಬ್ಬರು ಖರ್ಚು ಉಳಿಸಲು ಹಾಗೆ ಮಾಡಿ ನೋಡಿದ್ದರು. ಎಷ್ಟೋ ಮೊಟ್ಟೆ ಒಡೆಯಲೇ ಇಲ್ಲ. ಒಡೆದ ಹುಳು ಒಟ್ಟಿಗೆ ಜ್ವರಕ್ಕೆ ಕೂರಲಿಲ್ಲ. ಅರ್ಧ ಹುಳು ಸೊಪ್ಪು ತಿನ್ನುತ್ತಿದ್ದರೆ ಅರ್ಧ ತಲೆ ಎತ್ತಿ ಕೂತಿದ್ದವು. ಒಂದು ದಿನದಲ್ಲಿ ಮುಗಿಯಬೇಕಾದ ಹಣ್ಣು ಹುಳು ಆಯುವ ಕೆಲಸ ನಾಲ್ಕೈದು ದಿನ ಎಳೆಯಿತು. ಕೊನೆಗೆ ಚಂದ್ರಿಕೆಯಲ್ಲಿ ಹಳದಿ ಗೂಡಿನ ಮಧ್ಯೆ ಬಿಳಿ ಗೂಡು, ದೊಡ್ಡದರ ಪಕ್ಕ ಸಣ್ಣದು. ಲಾಟ್ ನೋಡಿದ ರೀಲರ್ ಒಬ್ಬರು ಕೈಗೆ ನಾಲ್ಕು ಗೂಡು ತೆಗೆದುಕೊಂಡು, ‘ಇದು ಒಂದೇ ಮನೆ ಗೂಡಾ?’ ಎಂದು ಕೇಳಿ ಮುಂದೆ ಹೋದರಂತೆ. ಒಂದು ತಿಂಗಳ ಸೊಪ್ಪು, ಆಳು, ನಿದ್ದೆ ಎಲ್ಲ ಹೋಯಿತು.

ಆ ಚಂದ್ರಿಕೆಯ ಮೇಲೆ ಕಂಡ ಕಲಸುಮೇಲೋಗರವನ್ನು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಒಬ್ಬರು ಎಣಿಸಿ ಬರೆದಿಟ್ಟಿದ್ದಾರೆ. ಜಪಾನಿನ ಕಮೆತಾರೊ ತೊಯಾಮಾ. ಸಯಾಂ ದೇಶದ, ಅಂದರೆ ಇಂದಿನ ಥಾಯ್ಲೆಂಡಿನ, ಹಳದಿ ಗೂಡಿನ ತಳಿಗೂ ಜಪಾನಿನ ಬಿಳಿ ಗೂಡಿನ ತಳಿಗೂ ಅವರು ಸಂಕರ ಮಾಡಿಸಿದರು. ಮೊದಲ ತಲೆಮಾರಿನಲ್ಲಿ ಬಂದದ್ದೆಲ್ಲ ಹಳದಿ. ಆ ಹಳದಿ ಗೂಡಿನ ಚಿಟ್ಟೆಗಳನ್ನೇ ಪರಸ್ಪರ ಕೂಡಿಸಿದಾಗ, ಮಾಯವಾಗಿದ್ದ ಬಿಳಿ ಮತ್ತೆ ಹೊರಬಂತು. ಸರಿಸುಮಾರು ಮೂರು ಹಳದಿಗೆ ಒಂದು ಬಿಳಿ. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ಲೆಕ್ಕ ಪ್ರಾಣಿಗಳಿಗೂ ಅನ್ವಯಿಸುತ್ತದೆ ಎಂದು ಮೊದಮೊದಲು ತೋರಿಸಿದ ಕೆಲಸಗಳಲ್ಲಿ ತೊಯಾಮಾ 1906ರಲ್ಲಿ ಪ್ರಕಟಿಸಿದ ಇದೂ ಒಂದು. ಮೊದಲ ತಲೆಮಾರಿನ ಸಂಕರ ಹುಳು ಅಪ್ಪ-ಅಮ್ಮ ಇಬ್ಬರಿಗಿಂತ ಗಟ್ಟಿ, ರೈತರಿಗೆ ಅದನ್ನೇ ಕೊಡಿ ಎಂದು ಹೇಳಿದವರೂ ಅವರೇ.

ಆ ಮಾತು ನಮ್ಮ ಕಡೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಟಿಪ್ಪು ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ನಂತರ ರೋಗದಿಂದ ಹಲವು ಸಲ ನೆಲ ಕಚ್ಚಿತ್ತು. ಮೈಸೂರು ಸರ್ಕಾರ 1913ರ ಸುಮಾರಿಗೆ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿತು. ಅವರ ಕಾಲದಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾಯಿತು. ರೋಗವಿಲ್ಲದ ಮೊಟ್ಟೆ ತಯಾರಿಕೆ, ಹೊರಗಿನ ತಳಿಗಳ ಜೊತೆ ಸಂಕರ ಎಲ್ಲ ಆ ಕಾಲದ ಪ್ರಯತ್ನಗಳು. ಚನ್ನಪಟ್ಟಣ ಅಂದರೆ ಬೊಂಬೆ ಎಂದಷ್ಟೇ ಬರೆಯುವ ನಾವು ಇದನ್ನೂ ಒಂದು ಸಾಲು ಸೇರಿಸಬಹುದು.

ಇವತ್ತು ರಾಮನಗರ ಮಾರುಕಟ್ಟೆಗೆ ಬರುವ ಹಳದಿ ಮಿಶ್ರತಳಿ ಗೂಡಿನ ಅಮ್ಮ ಮೈಸೂರು ತಳಿ. ಅಪ್ಪ ಹೆಚ್ಚಾಗಿ ಸಿಎಸ್‌ಆರ್-2 ಎಂಬ ಬಿಳಿ ದ್ವಿತಳಿ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ್ದು. ಅಮ್ಮನ ಗೂಡು ತುದಿ ಚೂಪಾದ, ಹಸಿರು ಮಿಶ್ರಿತ ಹಳದಿ ಗೂಡು. ನೂಲು 400 ಮೀಟರ್ ಆಸುಪಾಸು, ಆದರೆ ನಮ್ಮ ಬಿಸಿಲು, ನಮ್ಮ ಸೊಪ್ಪು, ನಮ್ಮ ರೋಗ ಎಲ್ಲಕ್ಕೂ ಒಗ್ಗಿದ ಜೀವ. ಅಪ್ಪನ ಗೂಡಿನಲ್ಲಿ 1,000 ಮೀಟರ್ ಸುತ್ತಮುತ್ತ ನೂಲು ಸಿಗುತ್ತದೆ, ಆದರೆ ಆರೈಕೆ ಸ್ವಲ್ಪ ತಪ್ಪಿದರೂ ತಡೆಯುವುದಿಲ್ಲ.

ಇದರಲ್ಲಿ ಅಮ್ಮ ಯಾರು ಅನ್ನುವುದು ಬಹಳ ಮುಖ್ಯ. ದ್ವಿತಳಿ ಹೆಣ್ಣು ಚಿಟ್ಟೆ ಇಟ್ಟ ಮೊಟ್ಟೆ ನಿದ್ದೆಗೆ ಹೋಗುತ್ತದೆ, ಎಬ್ಬಿಸಬೇಕಾದರೆ ಆಸಿಡ್ ಉಪಚಾರ ಅಥವಾ ತಿಂಗಳುಗಟ್ಟಲೆ ಶೀತಲಗೃಹ ಬೇಕು. ಮೈಸೂರು ತಳಿಯ ಹೆಣ್ಣು ಇಟ್ಟ ಮೊಟ್ಟೆ ಹತ್ತು ದಿನದಲ್ಲಿ ತಾನಾಗಿ ಒಡೆಯುತ್ತದೆ. ನಿದ್ದೆಗೆ ಕಾರಣ ಅಮ್ಮನ ಮೈಯಲ್ಲಿ ತಯಾರಾಗುವ ಒಂದು ಹಾರ್ಮೋನು. ಅಪ್ಪ ಯಾರೇ ಇರಲಿ, ಮೊಟ್ಟೆ ಮಲಗಬೇಕೋ ಏಳಬೇಕೋ ಎಂದು ತೀರ್ಮಾನವಾಗುವುದು ಅಮ್ಮನಲ್ಲಿ. ಮಿಶ್ರತಳಿ ಗೂಡಿನಿಂದ ಚಿಟ್ಟೆ ಬಿಡಿಸಿದಾಗ ಆ ಹೆಣ್ಣುಗಳಲ್ಲಿ ಅರ್ಧ ಪಾಲು ದ್ವಿತಳಿ ಅಪ್ಪನದೇ. ಎಷ್ಟೋ ಮೊಟ್ಟೆ ಒಡೆಯದೆ ಉಳಿದದ್ದಕ್ಕೆ ಇದೇ ಕಾರಣ.

ಲೆಕ್ಕ ಸಿಕ್ಕಿತು. ಆದರೆ ಹಳದಿ, ಬಿಳಿ, ನಿದ್ದೆ ಇವೆಲ್ಲ ಮೊಟ್ಟೆಯೊಳಗೆ ಯಾವ ವಸ್ತುವಿನ ರೂಪದಲ್ಲಿ ಬರುತ್ತವೆ? ತೊಯಾಮಾ ಕಾಲಕ್ಕೆ ಅದು ಯಾರಿಗೂ ಗೊತ್ತಿರಲಿಲ್ಲ.

ವಸ್ತು ಮಾತ್ರ ಆಗಲೇ ಸಿಕ್ಕಿತ್ತು. 1869ರಲ್ಲಿ ಫ್ರೆಡ್ರಿಕ್ ಮಿಷರ್ ಎಂಬ ಸ್ವಿಸ್ ಯುವಕ ಜರ್ಮನಿಯ ಟ್ಯೂಬಿಂಗನ್‌ನಲ್ಲಿ, ಆಸ್ಪತ್ರೆಯ ಗಾಯದ ಬಟ್ಟೆಗೆ ಅಂಟಿದ ಕೀವಿನಿಂದ ಅದನ್ನು ಬೇರ್ಪಡಿಸಿದ್ದ. ಕೋಶದ ನ್ಯೂಕ್ಲಿಯಸ್‌ನಲ್ಲಿ ಸಿಕ್ಕಿದ್ದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ನಂತರ ಸುಮಾರು 70 ವರ್ಷ ಅದನ್ನು ಹೆಚ್ಚಿನವರು ಲೆಕ್ಕಕ್ಕೆ ಹಿಡಿಯಲಿಲ್ಲ. ನಾಲ್ಕೇ ನಾಲ್ಕು ಬಗೆಯ ತುಣುಕಿನಿಂದ ಆದ ವಸ್ತು ಇಷ್ಟೊಂದು ಬಗೆಯ ಗುಣ ಹೇಗೆ ಹೊತ್ತೀತು, ಪ್ರೋಟೀನ್‌ನಲ್ಲಾದರೆ 20 ಬಗೆಯ ತುಣುಕಿವೆ, ವಂಶಗುಣ ಅದರಲ್ಲೇ ಇರಬೇಕು ಎಂಬುದು ಆಗಿನ ವಾದ.

1928ರಲ್ಲಿ ಲಂಡನ್ನಿನ ಫ್ರೆಡ್ರಿಕ್ ಗ್ರಿಫಿತ್ ನ್ಯುಮೋನಿಯಾ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುತ್ತಿದ್ದರು. ರೋಗ ತರುವ ಬಗೆಯನ್ನು ಕಾಯಿಸಿ ಕೊಂದು, ರೋಗ ತರದ ಜೀವಂತ ಬಗೆಯ ಜೊತೆ ಬೆರೆಸಿ ಇಲಿಗೆ ಚುಚ್ಚಿದರು. ಇಲಿ ಸತ್ತಿತು. ಸಾಧು ಬ್ಯಾಕ್ಟೀರಿಯಾ ರೋಗದ ಬಗೆಯಾಗಿ ಬದಲಾಗಿತ್ತು, ಅದರ ಸಂತಾನವೂ ಹಾಗೆಯೇ ಮುಂದುವರಿಯಿತು. ಸತ್ತದ್ದರಿಂದ ಬದುಕಿದ್ದಕ್ಕೆ ಏನೋ ಒಂದು ದಾಟಿತ್ತು. ಆ ಏನೋ ಒಂದನ್ನು ಹುಡುಕುತ್ತ ನ್ಯೂಯಾರ್ಕಿನಲ್ಲಿ ಓಸ್ವಾಲ್ಡ್ ಏವರಿ, ಕಾಲಿನ್ ಮೆಕ್ಲಿಯಾಡ್, ಮೆಕ್ಲಿನ್ ಮೆಕಾರ್ಟಿ ವರ್ಷಗಟ್ಟಲೆ ಕೂತರು. ಪ್ರೋಟೀನ್ ನಾಶಮಾಡುವ ಕಿಣ್ವ ಹಾಕಿದರೂ ಬದಲಾವಣೆ ನಿಲ್ಲಲಿಲ್ಲ. ಡಿಎನ್‌ಎ ನಾಶಮಾಡುವ ಕಿಣ್ವ ಹಾಕಿದಾಗ ನಿಂತಿತು. 1944ರಲ್ಲಿ ಅದನ್ನು ಪ್ರಕಟಿಸಿದರು.

ಏವರಿ ತಮ್ಮನಿಗೆ 1943ರಲ್ಲಿ ಬರೆದ ಒಂದು ಕಾಗದವಿದೆ. ದ್ರಾವಣಕ್ಕೆ ಆಲ್ಕೋಹಾಲ್ ಹಾಕಿ ಗಾಜಿನ ಕಡ್ಡಿಯಲ್ಲಿ ತಿರುವಿದಾಗ ಆ ವಸ್ತು ಎಳೆ ಎಳೆಯಾಗಿ ಬಂದು, ಉರುಳೆಗೆ ದಾರ ಸುತ್ತಿದ ಹಾಗೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ ಎಂದು ಅದರಲ್ಲಿ ಹೇಳಿದ್ದಾರೆ. ರಾಮನಗರದ ನೂಲು ಬಿಚ್ಚಾಣಿಕೆ ಘಟಕದಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತ ಹೆಂಗಸರು ಗೂಡಿನ ಎಳೆಯ ತುದಿ ಹಿಡಿದು ಎಬ್ಬಿಸುವುದನ್ನು ನೋಡಿದವರಿಗೆ ಆ ಕಾಗದ ಅರ್ಥವಾಗಲು ವಿಜ್ಞಾನದ ಪದವಿ ಬೇಡ.

1952ರಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಅಡುಗೆಮನೆಯ ಮಿಕ್ಸಿಯಂಥ ಯಂತ್ರ ಬಳಸಿ ಮತ್ತೊಂದು ಪ್ರಯೋಗ ಮಾಡಿದರು. ಬ್ಯಾಕ್ಟೀರಿಯಾಗೆ ತಗಲುವ ವೈರಸ್ಸಿನ ಪ್ರೋಟೀನ್‌ಗೆ ಒಂದು ವಿಕಿರಣ ಗುರುತು, ಡಿಎನ್‌ಎಗೆ ಇನ್ನೊಂದು. ವೈರಸ್ ಅಂಟಿದ ಮೇಲೆ ಮಿಕ್ಸಿಯಲ್ಲಿ ತಿರುಗಿಸಿ ಹೊರಕವಚ ಉದುರಿಸಿದರು. ಒಳಗೆ ಹೋಗಿದ್ದು ಮುಖ್ಯವಾಗಿ ಡಿಎನ್‌ಎ. ಹೊಸ ವೈರಸ್ಸುಗಳನ್ನು ಮಾಡಿಸಿದ್ದೂ ಅದೇ.

ಹುಳು ಸಾಕುವವರಿಗೆ ಇದರ ಸಾಕ್ಷಿ ತಟ್ಟೆಯಲ್ಲೇ ಸಿಗುತ್ತದೆ. ಹಾಲು ರೋಗ ತರುವುದು ಡಿಎನ್‌ಎ ವೈರಸ್. ಅದರ ಡಿಎನ್‌ಎ ಬರೀ 1 ಲಕ್ಷ 28 ಸಾವಿರ ಅಕ್ಷರದಷ್ಟು. ಹುಳುವಿನದು ಸುಮಾರು 46 ಕೋಟಿ. ಆ ಸಣ್ಣ ಚೀಟಿ ಹುಳುವಿನ ಕೋಶದೊಳಗೆ ಹೋದರೆ ಇಡೀ ಮೈ ಅದರ ಮಾತು ಕೇಳುತ್ತದೆ, ಹುಳು ಊದಿ, ಚರ್ಮ ಹರಿದು, ಹಾಲಿನಂಥ ರಸ ಸುರಿಯುತ್ತದೆ. ಆ ರಸದಲ್ಲಿರುವುದು ಲೆಕ್ಕವಿಲ್ಲದಷ್ಟು ಹೊಸ ವೈರಸ್. ಗಂಟು ರೋಗದ ಕಥೆ ಬೇರೆ. ಅದೂ ಅಮ್ಮನಿಂದ ಮೊಟ್ಟೆಗೆ ಬರುತ್ತದೆ, ಆದರೆ ವಂಶವಾಹಿಯಾಗಿ ಅಲ್ಲ. ಮೊಟ್ಟೆಯೊಳಗೆ ಸೇರಿಕೊಂಡ ಸೂಕ್ಷ್ಮಜೀವಿಯಾಗಿ. ಅದಕ್ಕೇ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಪಾಶ್ಚರ್ 1860ರ ದಶಕದಲ್ಲಿ ಕಲಿಸಿದ ಕ್ರಮ. ಮನೆಯಲ್ಲಿ ಮೊಟ್ಟೆ ಇಡಿಸುವವರು ಈ ಪರೀಕ್ಷೆಯನ್ನೂ ಬಿಟ್ಟುಬಿಡುತ್ತಾರೆ. ತಳಿ ಒಡೆಯುವುದರ ಮೇಲೆ ಇದು ಎರಡನೇ ಅಪಾಯ.

ವಸ್ತು ಡಿಎನ್‌ಎ ಎಂದಾಯಿತು. ಅದರ ಕಟ್ಟು ಹೇಗಿದೆ? ಇದಕ್ಕೆ ದಾರಿ ತೆರೆದದ್ದು ಬಟ್ಟೆಯ ನೂಲು. ಇಂಗ್ಲೆಂಡಿನ ಲೀಡ್ಸ್ ಉಣ್ಣೆಯ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಟ್‌ಬರಿ ಉಣ್ಣೆ, ರೇಷ್ಮೆಯಂಥ ಎಳೆಗಳ ಮೇಲೆ ಎಕ್ಸ್-ರೇ ಹಾಯಿಸಿ ಒಳಗಿನ ಜೋಡಣೆ ಅಳೆಯುತ್ತಿದ್ದರು. ಅದೇ ಪ್ರಯೋಗಾಲಯದಲ್ಲಿ ಫ್ಲಾರೆನ್ಸ್ ಬೆಲ್ 1938ರ ಹೊತ್ತಿಗೆ ಡಿಎನ್‌ಎ ಎಳೆಯ ಎಕ್ಸ್-ರೇ ಚಿತ್ರ ತೆಗೆದರು. ಒಂದರ ಮೇಲೊಂದು ನಾಣ್ಯ ಪೇರಿಸಿದ ಹಾಗಿದೆ ಎಂಬಷ್ಟು ಅಂದಾಜು ಸಿಕ್ಕಿತು.

ಮುಂದಿನದು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಮಾಡಿದ ಕೆಲಸ. ಅವರು ಡಿಎನ್‌ಎ ಎಳೆಯ ಸುತ್ತಲಿನ ತೇವವನ್ನು ಹಿಡಿತದಲ್ಲಿಟ್ಟು ನೋಡಿದರು. ಒಣಗಿದಾಗ ಒಂದು ರೂಪ, ತೇವ ಹೆಚ್ಚಾದಾಗ ಎಳೆ ಉದ್ದವಾಗಿ ಇನ್ನೊಂದು ರೂಪ. ಎರಡೂ ಬೆರೆತದ್ದರಿಂದಲೇ ಹಿಂದಿನ ಚಿತ್ರಗಳು ಮಸುಕಾಗಿದ್ದವು. 1952ರ ಮೇ ತಿಂಗಳಲ್ಲಿ ಅವರ ವಿದ್ಯಾರ್ಥಿ ರೇಮಂಡ್ ಗೋಸ್ಲಿಂಗ್ ಜೊತೆ ತೆಗೆದ 51ನೇ ಚಿತ್ರದಲ್ಲಿ ಸುರುಳಿಯ ಗುರುತು ಸ್ಪಷ್ಟವಾಗಿ ಮೂಡಿತು. ಆ ಚಿತ್ರವನ್ನು ಅವರಿಗೆ ತಿಳಿಸದೆ ಮಾರಿಸ್ ವಿಲ್ಕಿನ್ಸ್ 1953ರ ಜನವರಿಯಲ್ಲಿ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಕಟ್ಟಿದ ಮಾದರಿ 1953ರ ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ಬಂತು. 1962ರಲ್ಲಿ ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ ನೊಬೆಲ್ ಬಂದಾಗ ಫ್ರಾಂಕ್ಲಿನ್ ಬದುಕಿರಲಿಲ್ಲ. 1958ರಲ್ಲಿ 37ನೇ ವಯಸ್ಸಿಗೇ ಕ್ಯಾನ್ಸರ್‌ನಿಂದ ತೀರಿಹೋಗಿದ್ದರು. ಬೇರೆಯವರ ಹೆಸರಲ್ಲಿ ಸುದ್ದಿ ಬರುವುದನ್ನು ಕಂಡಿರುವ ನಮ್ಮ ಬಳಗಕ್ಕೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ.

ಗೂಡಿನಿಂದ ಬರುವ ರೇಷ್ಮೆ ಎಳೆಯೂ ನಿಜದಲ್ಲಿ ಎರಡೆಳೆ. ಹುಳುವಿನ ಎರಡು ರೇಷ್ಮೆ ಗ್ರಂಥಿಗಳಿಂದ ಬಂದ ಎರಡು ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿರುತ್ತದೆ. ಅವೆರಡೂ ಒಂದೇ ಥರ. ಡಿಎನ್‌ಎಯ ಎರಡು ಎಳೆ ಹಾಗಲ್ಲ, ಒಂದಕ್ಕೊಂದು ಉತ್ತರ. ಅಡೆನಿನ್ ಎದುರಿಗೆ ಥೈಮಿನ್, ಗ್ವಾನಿನ್ ಎದುರಿಗೆ ಸೈಟೊಸಿನ್. ಎರ್ವಿನ್ ಚಾರ್ಗಾಫ್ ಆಗಲೇ ಅಳೆದು ತೋರಿಸಿದ್ದರು, ಎ ಎಷ್ಟೋ ಟಿ ಅಷ್ಟು, ಜಿ ಎಷ್ಟೋ ಸಿ ಅಷ್ಟು. ಎಳೆಗಳು ಹುರಿಯ ಹಾಗೆ ಸುತ್ತಿಕೊಂಡು, ಸುಮಾರು ಹತ್ತು ಜೋಡಿಗೆ ಒಂದು ಸುತ್ತು ಮುಗಿಸುತ್ತವೆ. ಎರಡನ್ನೂ ಬಿಡಿಸಿದರೆ, ಒಂದನ್ನು ನೋಡಿ ಇನ್ನೊಂದನ್ನು ಬರೆಯಬಹುದು. ಒಂದು ಮೊಟ್ಟೆ ಹುಳುವಾಗಿ, ಹುಳು ಚಿಟ್ಟೆಯಾಗಿ, ಚಿಟ್ಟೆ ಮತ್ತೆ ಮೊಟ್ಟೆ ಇಡುವವರೆಗೆ ಅದೇ ಬರಹ ಹೇಗೆ ಉಳಿಯುತ್ತದೆ ಎಂಬುದಕ್ಕೆ ಇಷ್ಟೇ ಸರಳ ಉತ್ತರ.

ಹುರಿ ಮಾಡುವವರು ಎಡಹುರಿ, ಬಲಹುರಿ ಎರಡನ್ನೂ ಬಲ್ಲರು. ವಾಟ್ಸನ್-ಕ್ರಿಕ್ ಮಾದರಿ ಬಲಹುರಿ. ಎಡಕ್ಕೆ ಯಾಕೆ ಸುತ್ತಬಾರದು ಎಂದು 1970ರ ದಶಕದಲ್ಲಿ ಕೇಳಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಅವರ ತಂಡ ಪ್ರಮುಖರು. ಎಡ-ಬಲ ಎರಡೂ ತುಂಡುಗಳಿರುವ ಮಾದರಿಯನ್ನೇ ಅವರು ಮುಂದಿಟ್ಟರು. ಒಟ್ಟಾರೆ ಡಿಎನ್‌ಎ ಬಲಹುರಿಯೇ ಎಂದು ಉಳಿಯಿತು, ಆದರೆ ಎಡಹುರಿಯ ಡಿಎನ್‌ಎ ಸಾಧ್ಯ ಎಂಬುದು 1979ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರ ಹರಳಿನಲ್ಲಿ ಕಣ್ಣಿಗೇ ಕಂಡಿತು. ರಾಮನಗರದಿಂದ ಐವತ್ತು ಕಿಲೋಮೀಟರ್ ಆಚೆ ನಡೆದ ವಾದ ಇದು.

ಈ ಬರಹ ನೂಲಾಗುವುದೂ ಸೋಜಿಗವೇ. ರೇಷ್ಮೆಯ ಮುಖ್ಯ ಪ್ರೋಟೀನ್ ಫೈಬ್ರಾಯಿನ್‌ನಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ತುಣುಕುಗಳು ಸಾವಿರಾರು ಸಲ ಮರಳಿ ಮರಳಿ ಬರುತ್ತವೆ. ಅದರ ಜೀನ್ ಒಂದು ಸೆಟ್ ವರ್ಣತಂತುವಿಗೆ ಒಂದೇ. ಅಷ್ಟು ಸಾಲದು ಎಂದು ರೇಷ್ಮೆ ಗ್ರಂಥಿಯ ಕೋಶಗಳು ಒಡೆದು ಎರಡಾಗುವ ಬದಲು ಒಳಗೇ ಡಿಎನ್‌ಎ ಪ್ರತಿ ತೆಗೆಯುತ್ತ ಹೋಗುತ್ತವೆ, ಒಂದೊಂದು ಕೋಶದಲ್ಲಿ ಲಕ್ಷಗಟ್ಟಲೆ ಪ್ರತಿ. ಕೊನೆ ಜ್ವರ ಎದ್ದ ಹುಳು ರಾತ್ರಿಹಗಲು ಸೊಪ್ಪು ಬೇಡುವಾಗ ಒಳಗೆ ನಡೆಯುತ್ತಿರುವ ಕೆಲಸ ಇದು. ತೊಯಾಮಾ ಎಣಿಸಿದ ಹಳದಿ-ಬಿಳಿಗೂ ವಿಳಾಸ ಸಿಕ್ಕಿದೆ. ಸೊಪ್ಪಿನ ಹಳದಿ ಬಣ್ಣವನ್ನು ಹೊತ್ತು ರೇಷ್ಮೆಗೆ ತಲುಪಿಸುವ ಒಂದು ಪ್ರೋಟೀನ್‌ನ ಜೀನ್ ಬಿಳಿ ಗೂಡಿನ ತಳಿಗಳಲ್ಲಿ ಮುರಿದಿರುವುದನ್ನು ಜಪಾನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಅಪ್ಪನಿಂದ ಮುರಿದ ಪ್ರತಿ ಬಂದರೂ ಅಮ್ಮನಿಂದ ಒಂದು ಸರಿಯಾದ ಪ್ರತಿ ಬಂದರೆ ಸಾಕು, ಗೂಡು ಹಳದಿ. ಮುಂದಿನ ತಲೆಯಲ್ಲಿ ನಾಲ್ಕಕ್ಕೆ ಒಂದು ಹುಳುವಿಗೆ ಎರಡೂ ಮುರಿದ ಪ್ರತಿಯೇ ಸಿಗುತ್ತದೆ.

ಬಣ್ಣವಾದರೆ ಒಂದು ಜೀನಿನ ಕಥೆ. ನೂಲಿನ ಉದ್ದ, ಜ್ವರದ ದಿನ, ರೋಗ ತಡೆಯುವ ಶಕ್ತಿ ಇವಕ್ಕೆಲ್ಲ ಹಲವು ಜೀನ್‌ಗಳು, 28 ಜೋಡಿ ವರ್ಣತಂತುಗಳಲ್ಲಿ ಹರಡಿಕೊಂಡಿವೆ. ಮಿಶ್ರತಳಿಯ ಮೊದಲ ತಲೆಯಲ್ಲಿ ಪ್ರತಿ ಹುಳುವಿಗೂ ಅಮ್ಮನ ಕಡೆಯದೊಂದು, ಅಪ್ಪನ ಕಡೆಯದೊಂದು ಸೆಟ್, ಹಾಗಾಗಿ ಸಾವಿರಾರು ಹುಳು ಒಂದೇ ಹದದಲ್ಲಿ ಬೆಳೆಯುತ್ತವೆ. ಎರಡನೇ ತಲೆಗೆ ಇಸ್ಪೀಟು ಕಲಸಿ ಹಂಚಿದ ಹಾಗೆ. ಕನಕಪುರದ ಗೌಡರಿಗೆ ಮುಂದೆ ಸಿಕ್ಕಾಗ ನಾನು ಹೇಳಿದ್ದು ಇದನ್ನೇ. ಅವರು ಸ್ವಲ್ಪ ಯೋಚಿಸಿ, ‘ಹಂಗಾದ್ರೆ ಕೆಡೋದಲ್ಲ, ಒಡೆಯೋದು. ಅಮ್ಮನ್ನ ಬೇರೆ, ಅಪ್ಪನ್ನ ಬೇರೆ ಯಾರಾದ್ರೂ ಸಾಕ್ತಾನೇ ಇರ್ಬೇಕು’ ಅಂದರು.

ಅಮ್ಮನನ್ನು ಸಾಕುತ್ತಿರುವವರು ಮಾಗಡಿ ಮತ್ತು ಪಕ್ಕದ ಕುಣಿಗಲ್ ಕಡೆಯ ಬಿತ್ತನೆ ಗೂಡಿನ ರೈತರು. ಮೈಸೂರು ತಳಿಯ ಬಿತ್ತನೆ ಪ್ರದೇಶ ಅದು. ಗೂಡು ಸಣ್ಣದು, ಇಳುವರಿ ಕಡಿಮೆ, ಹುಳುವಿಗೆ ದಿನ ಜಾಸ್ತಿ ಬೇಕು. ರೋಗ ಕಂಡರೆ ಬಿತ್ತನೆಗೆ ತೆಗೆದುಕೊಳ್ಳುವುದಿಲ್ಲ. ಮಾಗಡಿ ಕಡೆಯ ಒಬ್ಬ ಹಿರಿಯರು ಹೇಳಿದರು: ‘ನಮ್ಮಪ್ಪನ ಕಾಲದಲ್ಲಿ ಬೀದಿಗೆಲ್ಲ ಇದೇ ಹುಳ. ಈಗ ನಮ್ಮೂರಲ್ಲಿ ಎಣಿಸ್ದಂಗೆ ಮನೆ. ನನ್ನ ಮಗ ದ್ವಿತಳಿ ಮಾಡ್ತೀನಿ ಅಂತಾನೆ. ಬೇಡ ಅನ್ನೋಕೆ ನಂಗೆ ಬಾಯಿಲ್ಲ ಕಣಪ್ಪ.’

ಮಗನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಈ ತಳಿಯನ್ನು ಡಬ್ಬಿಯಲ್ಲಿಟ್ಟು ಕಾಪಾಡಲು ಆಗುವುದಿಲ್ಲ ಎಂಬುದು ನಮಗೆ ಗೊತ್ತಿರಬೇಕು. ರಾಗಿ ಬೀಜವನ್ನು ಒಣಗಿಸಿ ತಂಪಿನಲ್ಲಿ ವರ್ಷಗಟ್ಟಲೆ ಇಡಬಹುದು. ಮೈಸೂರು ತಳಿಯ ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತದೆ. ಹೊಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವಿದೆ, ಅಲ್ಲೂ ತಳಿ ಉಳಿಯುವುದು ಮತ್ತೆ ಮತ್ತೆ ಸಾಕುವುದರಿಂದಲೇ. 2004ರಲ್ಲಿ ಜಪಾನ್, ಚೀನಾ ತಂಡಗಳು ರೇಷ್ಮೆ ಹುಳುವಿನ ಜೀನೋಮ್ ಓದಿದವು. ಅದಕ್ಕೂ ಮೊದಲು 1990ರ ದಶಕದಲ್ಲೇ ಜೆ. ನಾಗರಾಜು ಅವರಂಥ ವಿಜ್ಞಾನಿಗಳು ಮೈಸೂರು ತಳಿ ಸೇರಿದಂತೆ ನಮ್ಮ ತಳಿಗಳ ಡಿಎನ್‌ಎ ಗುರುತು ತೆಗೆದು, ನಿದ್ದೆಗೆ ಹೋಗುವ ತಳಿಗಳೂ ಹೋಗದವೂ ಬೇರೆ ಬೇರೆ ಗುಂಪು ಎಂದು ತೋರಿಸಿದ್ದರು. ಓದುವುದು ಸಾಧ್ಯವಾಗಿದೆ. ಆದರೆ ಓದಿಟ್ಟ ಅಕ್ಷರಗಳಿಂದ ಒಂದು ತಳಿಯನ್ನು ಮತ್ತೆ ಜೀವಂತವಾಗಿ ಎಬ್ಬಿಸುವುದು ಯಾರಿಂದಲೂ ಆಗಿಲ್ಲ.

ಗೂಡಿನ ದರ ಏರಿದರೆ ನಾವು ಮುಖಪುಟಕ್ಕೆ ಕಳಿಸುತ್ತೇವೆ, ಇಳಿದರೆ ಪ್ರತಿಭಟನೆಯ ಫೋಟೊ ಕಳಿಸುತ್ತೇವೆ. ಬಿತ್ತನೆ ಗೂಡಿನ ದರದ ಸುದ್ದಿ ಬಂದರೂ ಒಳಪುಟದಲ್ಲಿ ನಾಲ್ಕು ಸಾಲು. ರಾಮನಗರದಲ್ಲಿ ಹರಾಜಾಗುವ ಪ್ರತಿ ಹಳದಿ ಗೂಡಿನ ಅರ್ಧ ಬರಹ ಮಾಗಡಿ-ಕುಣಿಗಲ್ ಕಡೆಯ ಯಾವುದೋ ಹುಳು ಮನೆಯಿಂದ ಬಂದದ್ದು. ಆ ಮನೆಯವರಿಗೆ ದ್ವಿತಳಿಯಷ್ಟೇ ಗಿಟ್ಟುವ ದರ ಸಿಗುತ್ತಿದೆಯೇ, ಬೆಳೆ ನಷ್ಟವಾದರೆ ವಿಮೆ ಸಿಗುತ್ತಿದೆಯೇ, ಮುಂದಿನ ತಲೆಮಾರು ಈ ಕೆಲಸಕ್ಕೆ ಉಳಿಯುತ್ತಿದೆಯೇ ಎಂದು ಪ್ರತಿ ವರ್ಷ ಕೇಳಿ ಬರೆಯುವುದು ನಮ್ಮ ಕೆಲಸ. ಈ ಮುಂಗಾರಿನಿಂದ ನಾನು ಮಾಗಡಿ ಕಡೆಯ ಲೆಕ್ಕ ಇಡಲು ಶುರುಮಾಡುತ್ತಿದ್ದೇನೆ. ಕುಣಿಗಲ್ ಕಡೆ ಇರುವ ಬಳಗದ ಗೆಳೆಯರು ಕೈಜೋಡಿಸಿದರೆ ಒಳ್ಳೆಯದು.